ಬ್ಲೀಚಿನಲ್ಲಿ ನೆನೆದ ಕಡ್ಡಿ

ಕುರ್ಚಿಯಲ್ಲಿ ಒರಗಿದ ಸೋದರತ್ತೆ ಇಬ್ಬರ ಮುಖವನ್ನೂ ನೋಡಿದರು. "ಜಗಳ ಇದ್ರೆ ಈಗಲೇ ಆಡಿ ಮುಗಿಸ್ರಪ್ಪ. ಬಾಯಿ ತೆರೆದ್ಮೇಲೆ ನನಗೆ ಬಯ್ಯೋಕಾಗಲ್ಲ."

ಅಕ್ಕ, ತಮ್ಮ ಇಬ್ಬರೂ ಒಂದೇ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರುಗಳು. ಅವಳದು ರೂಟ್ ಕೆನಾಲ್. ಅವನದು ಹಲ್ಲು ಕೀಳುವ, ಸೆಟ್ ಕಟ್ಟುವ ಕೆಲಸ. ಹಿಂದೊಮ್ಮೆ ಅವಳು ತುಂಬಿದ ಹಲ್ಲೊಂದು ಕೀವುಗಟ್ಟಿದಾಗ, "ಕೊಳಕು ಕಡ್ಡಿ ಹಾಕಿದ್ದಾಳೆ" ಎಂದು ಅವನು ರೋಗಿಗಳ ಎದುರೇ ಕೂಗಾಡಿದ್ದ. ಅಂದಿನಿಂದ ಹಲ್ಲಿನ ಬೇರಿನ ಕೊಳವೆಗೆ ತುಂಬುವ ಗುಲಾಬಿ ರಬ್ಬರ್ ಕಡ್ಡಿಗಳನ್ನು ಬ್ಲೀಚಿನಲ್ಲಿ ನೆನೆಹಾಕುವುದು ಅವನೇ. ಆಮೇಲೆ ಅವಳ ಕೈಯಲ್ಲಿ ಕಡ್ಡಿಗಳು ಮುರಿಯತೊಡಗಿದವು. ಅಕ್ಕನಿಗೆ ಕೈ ನಡುಗುತ್ತದೆ ಎಂದು ಅವನು ಊರೆಲ್ಲ ಹಬ್ಬಿಸಿದ. ಅವಳಿಗೂ ಅನುಮಾನ ಹತ್ತಿ, ಮನೆಯಲ್ಲಿ ಸೂಜಿಗೆ ದಾರ ಪೋಣಿಸಿ ನೋಡಿಕೊಳ್ಳುತ್ತಿದ್ದಳು. ಇವತ್ತೂ ಮುರಿದರೆ ರೂಟ್ ಕೆನಾಲಿಗೆ ಬೇರೆ ಡಾಕ್ಟರು ಬರುತ್ತಾರೆ ಎಂದಿದ್ದ. ಅವಳು ಸಿಟ್ಟಿನಲ್ಲಿ ಒಪ್ಪಿಬಿಟ್ಟಿದ್ದಳು.

ಹಲ್ಲೊಂದೇ ಕಾಣುವಂತೆ ಅತ್ತೆಯ ಬಾಯಿಗೆ ರಬ್ಬರ್ ಹಾಳೆ ಬಿಗಿದು, ಬಟ್ಟಲಿನಿಂದ ಕಡ್ಡಿ ತೆಗೆದು ಕೊಳವೆಗೆ ಇಳಿಸಿದಳು. ತುದಿ ಒಳಗೇ ಮುರಿದು ಉಳಿಯಿತು.

"ನೋಡಿದ್ರಾ ಅತ್ತೆ, ನಿಮ್ಮ ಮುದ್ದಿನ ಸೊಸೆ ಕೈಚಳಕ!"

ಅತ್ತೆ ಕಣ್ಣು ಕೆಕ್ಕರಿಸಿದರು.

ಅಕ್ಕ ಸೂಜಿಯಂಥ ಸಣ್ಣ ಅರದಿಂದ ಚೂರನ್ನು ಕೆದಕಿ ಕೆದಕಿ ಹೊರಗೆಳೆದಳು. ನಡುಗುವ ಕೈಗೆ ಆಗುವ ಕೆಲಸವಲ್ಲ ಅದು. ಹಾಗೆ ಹೊಳೆದದ್ದೇ, ಬಟ್ಟಲಿನಿಂದ ಇನ್ನೊಂದು ಕಡ್ಡಿ ತೆಗೆದು ಬಗ್ಗಿಸಿದಳು. ಮುರಿಯಿತು. ಪೆಟ್ಟಿಗೆಯಿಂದ ಹೊಸದೊಂದನ್ನು ಬಗ್ಗಿಸಿದಳು. ಬಾಗಿತು.

"ಇವು ಎಷ್ಟು ಹೊತ್ತು ನೆನೆದಿವೆ?"

"ನಿನ್ನೆಯಿಂದ. ಅದೂ ಬರೀ ಬ್ಲೀಚು, ನೀರೇ ಬೆರೆಸಿಲ್ಲ. ನಿನ್ನ ಹಾಗೆ ಕಾಟಾಚಾರ ಅಲ್ಲ."

"ಒಳ್ಳೇ ಸೀರೆನ ಇಷ್ಟು ಹೊತ್ತು ಬ್ಲೀಚಲ್ಲಿ ಬಿಟ್ರೆ ಪಿಸಿಯುತ್ತೆ ಕಣೋ! ರಬ್ಬರ್ ತಡೆಯುತ್ತಾ? ಕ್ರಿಮಿ ಸಾಯೋಕೆ ಒಂದು ನಿಮಿಷ ಸಾಕು. ನೀನು ಕಡ್ಡೀನೂ ಸಾಯಿಸಿದ್ದೀಯ."

"ಕೈ ಸರಿ ಇಲ್ದೋರಿಗೆ ನೆಪಕ್ಕೇನು ಬರ."

"ಈ ಕೈ ಸರಿಯಿಲ್ಲ ಅಂತ ನನ್ನನ್ನೇ ನಂಬಿಸಿದ್ದೆಯಲ್ಲೋ, ಪಾಪಿ."

ಹೊಸ ಕಡ್ಡಿಯನ್ನು ಬ್ಲೀಚಿನಲ್ಲಿ ಒಂದು ನಿಮಿಷ ಅದ್ದಿ, ತೊಳೆದು, ಒರೆಸಿದಳು. ಅಂಟು ಸವರಿ ಇಳಿಸಿದಳು. ಅದು ಬೇರಿನ ಬಾಗಿನ ಜೊತೆ ಬಾಗಿ ತುದಿ ಮುಟ್ಟಿತು. ಅವಳು ತುಂಬಿ ಮುಗಿಸುವವರೆಗೂ ಅವನು ಅವಳ ಬೆನ್ನ ಹಿಂದೆ ನಿಂತೇ ಇದ್ದ.

ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕಿದ. ಸಿಗಲಿಲ್ಲ.

"ಸುಲಭದ ಹಲ್ಲು. ಯಾರು ಬೇಕಾದ್ರೂ ಮಾಡ್ತಾರೆ."

"ಹಾಗಾದ್ರೆ ಆ ಯಾರಿಗೋ ಬರಬೇಡ ಅಂತ ಹೇಳು. ಇನ್ನು ಆ ಬಟ್ಟಲು ಮುಟ್ಟಿದ್ರೆ ನೋಡು."

ರಬ್ಬರ್ ಹಾಳೆ ಬಿಚ್ಚಿದ್ದೇ ಅತ್ತೆ, ಮರಗಟ್ಟಿದ ತುಟಿಯಲ್ಲೇ ಶುರು ಮಾಡಿದರು: "ನಿಲ್ಲೋ ಅಲ್ಲೇ! ಅಕ್ಕನ ಕೈ ನಡುಗುತ್ತೆ ಅಂತ ಯಾರ್ಯಾರ ಮನೇಲಿ ಹೇಳಿ ಬಂದಿದ್ದೀಯೋ, ಅಲ್ಲೆಲ್ಲಾ ಹೋಗಿ ಇವತ್ತು ನಡೆದದ್ದನ್ನೂ ಹೇಳು. ಇಲ್ಲಾಂದ್ರೆ ನಾನೇ ಹೋಗ್ತೀನಿ."

ಅವನು ಎಕ್ಸ್-ರೇಯನ್ನು ಮೇಜಿನ ಮೇಲೆ ಎಸೆದು ಹೊರಗೆ ಹೋದ. ಅತ್ತೆ ಚಪ್ಪಲಿ ಹುಡುಕತೊಡಗಿದರು.