ಇಲ್ಲದವನ ಫೋಟೋ

ಅಂಚೆಯ ಸ್ರೆತೆನ್ ಬಾಗಿಲು ತಳ್ಳಿಕೊಂಡು ಒಳಗೆ ಬಂದವನು ಟೋಪಿಯನ್ನೂ ತೆಗೆಯಲಿಲ್ಲ. ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಸ್ಟುಡಿಯೋದ ನಡುವೆ ನಿಂತುಬಿಟ್ಟ.

"ಪೆರ್ಸಿಡಮ್ಮ, ನನ್ನ ಕಿವಿ ಯಾರಿಗೆ ಕೊಟ್ರಿ ನೀವು?"

"ನಿನ್ನ ಕಿವಿ ಯಾರಿಗೆ ಬೇಕಯ್ಯ? ಅದು ಕೇಳಿಸಿಕೊಳ್ಳೋದು ಅರ್ಧ, ನೀನು ಊರಿಗೆ ಹಂಚೋದು ಎರಡರಷ್ಟು."

"ತಮಾಷೆ ಅಲ್ಲಮ್ಮ. ಟಪಾಲು ತಗೊಂಡು ಮಿಲುಂಕಜ್ಜಿ ಹಳ್ಳಿಗೆ ಹೋಗಿದ್ದೆ. ಅಜ್ಜಿ ಮಗ ಬಂದಿದಾನೆ, ತಾನಾಸಿಯೆ. ಯುದ್ಧಕ್ಕೆ ಹೋದೋನು, ಸತ್ತ ಅಂತ ಎಲ್ಲರೂ ಕೈ ತೊಳ್ಕೊಂಡಿದ್ವಲ್ಲ, ಅವನೇ. ಕಿಟಕಿ ಹತ್ರ ಕೂತಿದ್ದ. ಅವನ ತಲೆಗೆ ನನ್ನ ಕಿವಿ ಅಂಟಿದೆ. ನಾಯಿ ಕಚ್ಚಿ ಹರಿದದ್ದೂ ಸೇರಿ."

ಪೆರ್ಸಿಡಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಆ ಕಿವಿಯನ್ನು ತಾನಾಸಿಯೆಗೆ ಕೊಟ್ಟವಳು ನಿಜವಾಗಿಯೂ ಅವಳೇ.

ಪೆರ್ಸಿಡಾ ಎಂದರೆ ನಮ್ಮ ಚಾಚಾಕ್ ಪಟ್ಟಣಕ್ಕೇ ಒಂದು ಹೆಮ್ಮೆ. ಬೆಲ್‌ಗ್ರೇಡಿನಿಂದ ಮಂತ್ರಿಗಳ ಹೆಂಡಂದಿರು ರೈಲು ಹತ್ತಿ ಅವಳ ಗಾಜಿನ ಸೂರಿನ ಕೆಳಗೆ ಕೂರಲು ಬರುತ್ತಿದ್ದರು. ಚಂದ ಕಾಣುವಂತೆ ಫೋಟೋ ತೆಗೆಯುವವರು ಬೀದಿಗೊಬ್ಬರು ಸಿಗುತ್ತಾರೆ, ಅದಕ್ಕೆ ಇಷ್ಟು ದೂರ ಬರಬೇಕಾಗಿರಲಿಲ್ಲ. ಪೆರ್ಸಿಡಾ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿ ಸುಮ್ಮನೆ ಕಾಯುತ್ತಿದ್ದಳು. ಕೂತವರಿಗೆ ಬೇಸರ ಬಂದು, ಹಾಕಿಕೊಂಡು ಬಂದ ಮುಖ ಜಾರಿ, ಮನೆಯೊಳಗಿನ ಮುಖ ಹೊರಗೆ ಬರುವವರೆಗೆ ಕಾಯುತ್ತಿದ್ದಳು. ಆಗ ಕ್ಯಾಮೆರಾದ ಗುಂಡಿ ಒತ್ತುತ್ತಿದ್ದಳು. ಚಿತ್ರ ನೋಡಿ ಜಗಳಕ್ಕೆ ಬಂದವರೂ ಉಂಟು. ಆದರೆ ಚಿತ್ರವನ್ನು ವಾಪಸು ಕೊಟ್ಟವರು ಯಾರೂ ಇಲ್ಲ.

ಯುದ್ಧ ಮುಗಿದ ಮೇಲೆ ಅವಳಿಗೆ ಬೇರೆ ಬಗೆಯ ಗಿರಾಕಿಗಳು ಬರತೊಡಗಿದರು. ಸೋತು ಹಿಂದೆ ಸರಿದ ನಮ್ಮ ಸೈನ್ಯದ ಜೊತೆ ಅಲ್ಬೇನಿಯಾದ ಹಿಮದ ಬೆಟ್ಟ ಹತ್ತಿದ ಹುಡುಗರಲ್ಲಿ ಎಷ್ಟೋ ಜನ ಇಳಿಯಲೇ ಇಲ್ಲ. ಹೆಣವಿಲ್ಲ, ಗೋರಿಯಿಲ್ಲ. ಅಂಥವರಿಗೆ ನಮ್ಮಲ್ಲಿ ದಾರಿಯ ಬದಿಗೆ ಕಲ್ಲು ನೆಡುತ್ತಾರೆ. ಕಲ್ಲಿನ ಮೇಲೆ ಮುಖ ಬೇಕು, ಹೋಗಿಬರುವವರು ನೋಡಿ ಒಂದು ಪ್ರಾರ್ಥನೆ ಹೇಳಬೇಕು. ಹಳ್ಳಿಯ ಹೈದ ಬದುಕಿದ್ದಾಗ ಫೋಟೋ ತೆಗೆಸಿಕೊಂಡಿದ್ದರೆ ತಾನೆ? ತಾಯಂದಿರು ಪೆರ್ಸಿಡಾಳ ಬಳಿಗೆ ಬಂದರು. ಅವಳು ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಕರೆಸಿ ಒಂದೇ ಕುರ್ಚಿಯಲ್ಲಿ, ಒಂದೇ ಬೆಳಕಿನಲ್ಲಿ ಕೂರಿಸುತ್ತಿದ್ದಳು. ಒಬ್ಬರ ಹಣೆ, ಇನ್ನೊಬ್ಬರ ಗಲ್ಲ ಕತ್ತರಿಸಿ, ಅಂಟಿಸಿ, ಅದರ ಫೋಟೋವನ್ನು ಕ್ಯಾಮೆರಾದ ಹೊಸ ಗಾಜಿನ ಫಲಕದ ಮೇಲೆ ಮತ್ತೆ ತೆಗೆದು, ಬೆಸುಗೆ ಕಾಣದಂತೆ ಪೆನ್ಸಿಲಿನಲ್ಲಿ ತಿದ್ದುತ್ತಿದ್ದಳು. ತಾಯಿ ನೋಡುತ್ತಿದ್ದಳು, "ಇವನೇ ನನ್ನ ಕಂದ" ಎಂದು ಎದೆಗವಚಿಕೊಳ್ಳುತ್ತಿದ್ದಳು. ಅಲ್ಲ ಎಂದವರು ಒಬ್ಬರೂ ಇಲ್ಲ. ವರ್ಷಗಳಾದ ಮೇಲೆ ಯಾರಿಗೂ ಮುಖ ನೆನಪಿರುವುದಿಲ್ಲ, ಇಲ್ಲ ಎನ್ನುವುದಷ್ಟೇ ನೆನಪಿರುತ್ತದೆ. ಆ ಜಾಗಕ್ಕೆ ಏನು ಕೂರಿಸಿದರೂ ಕೂರುತ್ತದೆ. ಪೆರ್ಸಿಡಾಳಿಗೆ ಇದು ಚೆನ್ನಾಗಿ ಗೊತ್ತಿತ್ತು.

ತಾನಾಸಿಯೆಯ ಹಣೆ ಅವನ ತಂಗಿಯದು, ಮೂಗು ಮಿಲುಂಕಜ್ಜಿಯದು, ಗಲ್ಲ ಸೋದರಮಾವನದು. ಕಿವಿಗೆ ತೊಂದರೆಯಾಯಿತು. ಮಾವನ ಕಿವಿಗಳನ್ನು ಹಿಮ ತಿಂದಿತ್ತು, ಹೆಂಗಸರು ತಲೆವಸ್ತ್ರ ಬಿಚ್ಚಲು ಸುತರಾಂ ಒಪ್ಪಲಿಲ್ಲ. ಆ ಹೊತ್ತಿಗೆ ಸರಿಯಾಗಿ ಟಪಾಲು ಹಿಡಿದು ಬಂದ ಸ್ರೆತೆನ್‌ನನ್ನು ಅವಳು ಕುರ್ಚಿಗೆ ಒತ್ತಿದಳು. ಕಿವಿಯ ಹರಕು ಮಾತ್ರ ಪೆನ್ಸಿಲಿಗೆ ತಪ್ಪಿಹೋಯಿತು. ಕಣ್ಣು ಇನ್ನೂ ಕಷ್ಟ. ಮನೆಯಲ್ಲಿ ಯಾರದೂ ಹೊಂದಲಿಲ್ಲ. "ಯಾವಾಗ್ಲೂ ಎದ್ದು ಹೋಗೋಕೆ ಕಾಯ್ತಿರೋನ ಹಾಗೆ ನೋಡೋನು" ಎಂದಷ್ಟೇ ಅಜ್ಜಿ ಹೇಳಿದಳು. ಪೆರ್ಸಿಡಾ ಅದನ್ನು ತಾನೇ ಬರೆದಳು, ಕೈ ಎತ್ತದೆ, ಒಂದೇ ಬೈಠಕ್ಕಿನಲ್ಲಿ. ಆ ಕಣ್ಣು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ.

ಅವಳಿಗೂ ಒಬ್ಬನೇ ಮಗ. ಉರೋಷ್. ಶಾಲೆಯ ಕೋಟಿನಲ್ಲೇ ಸೈನ್ಯದ ಬೆನ್ನು ಹತ್ತಿ ಅದೇ ಬೆಟ್ಟಕ್ಕೆ ಹೋದವನು. ದೀಪದ ಬುಡ ಕತ್ತಲೆ ಎನ್ನುವುದು ಸುಳ್ಳಲ್ಲ. ಊರಿಗೆಲ್ಲ ಫೋಟೋ ತೆಗೆದವಳ ಮನೆಯಲ್ಲಿ ಮಗನದೊಂದು ಫೋಟೋ ಇಲ್ಲ. ಕೂರು ಎಂದರೆ ಓಡುತ್ತಿದ್ದ. ಅವನಿಗಾಗಿ ಶ್ರಾದ್ಧದ ಪ್ರಾರ್ಥನೆ ಮಾಡಿಸೋಣವೇ ಎಂದು ಕೇಳಿದ ಪಾದ್ರಿಗೆ ಅವಳು ಮಂಗಳಾರತಿ ಎತ್ತಿ ಕಳಿಸಿದ್ದಳು. ನಿನ್ನ ಮುಖ, ಸತ್ತ ಗಂಡನ ಮುಖ ಸೇರಿಸಿ ಅವನದೂ ಒಂದು ಮಾಡಿಕೋ ಎಂದ ನೆರೆಯವಳಿಗೂ ಅದೇ ಗತಿ. "ಇರೋನಿಗೆ ಯಾಕೆ ಅದೆಲ್ಲ? ಸತ್ತದ್ದನ್ನ ನೋಡಿದೋರು ಯಾರು?" ಎನ್ನುತ್ತಿದ್ದಳು. ಕ್ರಿಸ್‌ಮಸ್ ಹಿಂದಿನ ದಿನ ಮೇಜಿನ ಮೇಲೆ ಅವನ ಚಮಚ ಇಡುವುದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ.

ಮಾರನೆಯ ಬೆಳಿಗ್ಗೆ ಯೆಲೆಂಕಾ ಬಂದಳು. ತಾನಾಸಿಯೆಯ ಹೆಂಡತಿ, ಇನ್ನೂ ಚಿಕ್ಕವಳು. ಗಿರಾಕಿಗಳ ಕುರ್ಚಿಯ ತುದಿಯಲ್ಲಿ ಕೂತು ಮಂಡಿಯ ಮೇಲೆ ಕೈ ಕಟ್ಟಿಕೊಂಡಳು.

"ಅವರು ಬಂದು ವಾರವಾಯ್ತಮ್ಮ, ಬಾಗಿಲು ಸದ್ದಾಗಲಿಲ್ಲ. ಹಾಲು ಕರ್ಕೊಂಡು ಬರ್ತೀನಿ, ಕಿಟಕಿ ಹತ್ರ ಕೂತಿದಾರೆ. ಅತ್ತೆ ತಬ್ಬಿಕೊಂಡು ಅಳ್ತಿದಾರೆ."

"ಏನಂದ?"

"ಮಾತಿಲ್ಲ. ಯುದ್ಧದಲ್ಲಿ ನಾಲಿಗೆ ಬಿದ್ದೋಯ್ತು ಅಂತಾರೆ ಅತ್ತೆ. ಕೈನ ಕೋಟಿಂದ ಆಚೆ ತೆಗೆಯೋದೇ ಇಲ್ಲ, ಅತ್ತೆನೇ ಚಮಚದಲ್ಲಿ ತಿನ್ನಿಸ್ತಾರೆ. ಅವರಿಗೆ ಅದೇ ಸ್ವರ್ಗ. ಆಮೇಲೆ ಈ ಕಡೆ ಕೆನ್ನೆ," ಎಂದು ಅವಳು ತನ್ನ ಎಡಗೆನ್ನೆ ಮುಟ್ಟಿ ತೋರಿಸಿದಳು, "ನಾನು ನೋಡೇ ಇಲ್ಲ. ಆ ಕಡೆಗೆ ಹೋದ್ರೆ ಅವರೂ ತಿರುಗ್ತಾರೆ. ಮನೆ ಎಲ್ಲ ಸುತ್ತಿದೀನಿ."

ಪೆರ್ಸಿಡಾ ಮಾಡಿಕೊಟ್ಟ ಚಿತ್ರದಲ್ಲಿ ಮುಖ ಓರೆಯಾಗಿತ್ತು, ಎಡಗೆನ್ನೆ ಕಾಣುತ್ತಿರಲಿಲ್ಲ. ಚಿತ್ರ ಎದೆಯವರೆಗೆ ಮಾತ್ರ. ಕೈಗಳನ್ನು ಅವಳು ಮಾಡಿಯೇ ಇರಲಿಲ್ಲ.

"ಅಲ್ವೇ ಹುಡುಗಿ, ಕಟ್ಟಿಕೊಂಡ ಗಂಡನ ಗುರುತು ಹೆಂಡತಿಗೆ ಸಿಗಲ್ವೇನೇ?"

"ಮದುವೆಯಾದ ವರ್ಷವೇ ದಂಡಿಗೆ ಹೋದ್ರು. ಹಗಲೆಲ್ಲ ಹೊಲ, ಸಂಜೆ ಅತ್ತೆ ಎದುರಿಗೆ ತಲೆ ಎತ್ತಿ ನೋಡೋ ಹಾಗಿಲ್ಲ. ಏನೋ ಒಂದಿಷ್ಟು ನೆನಪಿತ್ತು. ನೀವು ಫೋಟೋ ಮಾಡಿಕೊಟ್ರಿ, ದಿನಾ ನೋಡಿದೆ. ಈಗ ಕಣ್ಣು ಮುಚ್ಚಿದ್ರೆ ಫೋಟೋನೇ ಬರುತ್ತೆ. ಅದಕ್ಕಿಂತ ಮುಂಚೆ ಇದ್ದ ಮುಖ ಹೋಯ್ತಮ್ಮ, ಅಳಿಸೇ ಹೋಯ್ತು."

ಆಮೇಲೆ, ನೆಲ ನೋಡುತ್ತಲೇ, ಗಿರಣಿಯವನು ತನ್ನನ್ನು ಮದುವೆಗೆ ಕೇಳಿದ್ದಾನೆ ಎಂದಳು. ಒಳ್ಳೆಯವನು, ಕುಡಿಯುವುದಿಲ್ಲ. ಗಂಡನ ಕಲ್ಲು ನೆಟ್ಟ ಮೇಲೆ ಉತ್ತರ ಕೊಡುತ್ತೇನೆ ಎಂದಿದ್ದಳಂತೆ.

"ಒಂದಿನ ಫೋಟೋ ಇಳಿಸಿ ಒಲೆ ಬಾಯಿಗೆ ಹಿಡಿದೆ. ಅಲ್ಲಿ ಕೂತಿದ್ದೋರ ಹಣೆ ಮೇಲೆ ದಳದಳ ಬೆವರು. ಹಿಂದಕ್ಕೆ ತಗೊಂಡೆ, ನಿಂತ್ಹೋಯ್ತು. ಹಾಕಿಬಿಟ್ರೆ ಮುಗೀತದೆ, ಅಷ್ಟು ಗೊತ್ತಾಯ್ತು. ಅವರಲ್ಲ ಅಂತ ನೀವೊಂದು ಮಾತು ಹೇಳಿ, ಇವತ್ತೇ ಹಾಕ್ತೀನಿ. ಅವರೇ ಆಗಿದ್ರೆ ಗಂಡನ್ನ ಕೊಂದ ಪಾಪ ನಂಗೆ. ಯಾವುದನ್ನ ಎಲ್ಲಿಂದ ತಂದ್ರಿ ಅಂತ ನಿಮಗೊಬ್ರಿಗೇ ತಾನೆ ಗೊತ್ತು?"

"ಏಳು, ಬರ್ತೀನಿ. ಅವನ ಎದುರಿಗೇ ಹೇಳ್ತೀನಿ," ಎಂದಳು ಪೆರ್ಸಿಡಾ.

ಅಲ್ಲ ಎಂದು ಹೇಳುವುದಕ್ಕೇ ಅವಳು ಹೊರಟಿದ್ದು. ಇದನ್ನು ಯಾರು ನಂಬಲಿ ಬಿಡಲಿ, ನಿಜ. ಗಾಡಿಯಲ್ಲಿ ಹೋಗುವಾಗ ಆ ಹುಡುಗಿಯ ಒಡೆದ ಬೆರಳುಗಳನ್ನು ನೋಡುತ್ತ ಕೂತಳು. ಎರಡು ಅಕ್ಷರದ ಮಾತು, ಹೇಳಿ ಬಂದರಾಯಿತು ಎಂದುಕೊಂಡಳು.

ಮಿಲುಂಕಜ್ಜಿ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದೊಯ್ದಳು. ಒಂದು ಚಮಚ ಪ್ಲಮ್ ಮುರಬ್ಬ, ಒಂದು ಲೋಟ ನೀರು ಮುಂದಿಟ್ಟಳು. ಅಜ್ಜಿ ವಯಸ್ಸನ್ನು ಗೂಟಕ್ಕೆ ತೂಗುಹಾಕಿ ಬಂದವಳಂತೆ ಓಡಾಡುತ್ತಿದ್ದಳು. "ನಿಮ್ಮ ಕೈಗುಣ ತಾಯಿ. ನೀವು ಫೋಟೋ ಮಾಡಿದ್ರಿ, ಮಗು ದಾರಿ ಕಂಡ್ಕೊಂಡು ಬಂತು."

ಅವನು ಕಿಟಕಿಗೆ ಬೆನ್ನು ಮಾಡಿ ಕೂತಿದ್ದ. ಹೊರಗೆ ಬಿಸಿಲು, ಅದು ಅವನ ಹಿಂದಿತ್ತು. ಮುಖ ಕಪ್ಪಾಗಿ ಕಾಣಬೇಕಿತ್ತು. ಮುಖದ ಮೇಲೆ ಬೆಳಕಿತ್ತು. ಮೇಲಿನಿಂದ, ಒಂದು ಪಕ್ಕದಿಂದ, ತಣ್ಣಗೆ. ಮೂಗಿನ ಕೆಳಗೆ ಚಿಕ್ಕ ನೆರಳು. ಆ ಕೋಣೆಯಲ್ಲಿ ಅಂಥ ಬೆಳಕು ಬರುವ ದಾರಿಯೇ ಇರಲಿಲ್ಲ. ಅದು ಅವಳ ಸ್ಟುಡಿಯೋದ ಗಾಜಿನ ಸೂರಿನ ಬೆಳಕು.

ಅವಳು ಕಸುಬಿನವಳ ಹಾಗೆಯೇ ನೋಡುತ್ತ ಬಂದಳು. ತಂಗಿಯ ಹಣೆ, ಸರಿ. ಅಜ್ಜಿಯ ಮೂಗು, ಸರಿ. ಕಿವಿಯ ಹರಕು. ದವಡೆಯ ಕೆಳಗೆ ಕತ್ತರಿ ಆಡಿದ ಕಡೆ ಒಂದು ತೆಳ್ಳನೆಯ ಗೆರೆ, ತಿಳಿದವರಿಗೆ ಮಾತ್ರ ಕಾಣುವಂಥದ್ದು. ಕೊನೆಗೆ ಕಣ್ಣಿಗೆ ಬಂದಳು.

ಉರೋಷ್ ನೋಡುತ್ತಿದ್ದ.

ಕ್ಯಾಮೆರಾದ ಮುಂದೆ ಹಿಡಿದು ನಿಲ್ಲಿಸಿದಾಗ ನೋಡುತ್ತಿದ್ದ ನೋಟ ಅದೇ: ಕೋಪವಿಲ್ಲ, ತಾಳ್ಮೆಯೂ ಇಲ್ಲ, ಆಯ್ತೇನಮ್ಮ, ಬಿಡ್ತೀಯಾ ಎನ್ನುವ ನೋಟ. ಈ ಕಣ್ಣನ್ನು ತಾನೇ ಬರೆದದ್ದು, ತನ್ನ ಕೈಯಿಂದಲೇ ಬಂದದ್ದು, ಅವಳಿಗೆ ಈಗ ತಿಳಿಯಿತು. ಪರರ ಮಗನ ಮುಖದಲ್ಲಿ ತನ್ನ ಮಗನನ್ನು ಕೂರಿಸಿ ಕಳಿಸಿಬಿಟ್ಟಿದ್ದಳು. ಅವನು ಅವಳ ಮೇಲಿಂದ ಕಣ್ಣು ಕೀಳಲಿಲ್ಲ. ಪೆರ್ಸಿಡಾಳಿಗೆ ಬಿಕ್ಕಿ ಅಳಬೇಕು ಅನಿಸಿತು, ಓಡಿಹೋಗಿ ಅವನ ತಲೆ ಸವರಬೇಕು ಅನಿಸಿತು, ಕೂತ ಕಡೆಯೇ ಮಂಡಿ ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಯೆಲೆಂಕಾ ಗೋಡೆಯಿಂದ ಫೋಟೋ ಇಳಿಸಿ ಒಲೆಯ ಬಾಗಿಲು ತೆರೆದಳು. ಕಿಟಕಿಯ ಬಳಿ ಕೂತವನ ಹಣೆಯಲ್ಲಿ ಬೆವರು ಮೂಡಿತು.

"ಏನೇ ಮಾಡ್ತಿದೀಯಾ?" ಅಜ್ಜಿ ಎದ್ದು ನಿಂತಳು. "ಹೆತ್ತೋಳು ನಾನು ಹೇಳ್ತಿದೀನಿ ಇವನೇ ಅಂತ. ಸಾಲದೇನೇ ನಿಂಗೆ?"

"ಸಾಲದು ಅತ್ತೆ. ನಿಮಗೆ ಮಗ ಬೇಕು, ಯಾರಾದ್ರೂ ಆದೀತು. ಇವರ ಜೊತೆ ಬಾಳಬೇಕಾದೋಳು ನಾನು." ಅವಳು ಫೋಟೋವನ್ನು ಒಲೆಯ ಬಾಯಿಗೆ ಹಿಡಿದೇ ಇದ್ದಳು. "ಪೆರ್ಸಿಡಮ್ಮ, ನಿಮ್ಮ ಉರೋಷ್ ಮೇಲೆ ಆಣೆ ಇಟ್ಟು ಹೇಳಿ. ಇವರು ನನ್ನ ಗಂಡನಾ?"

ನಮ್ಮ ಕಡೆ ಮಗನ ಮೇಲೆ ಆಣೆ ಇಡುವುದು ಹುಡುಗಾಟವಲ್ಲ. ಸುಳ್ಳು ಆಣೆ ಇಟ್ಟರೆ ಮಗ ಎಲ್ಲಿದ್ದರೂ ಅಲ್ಲೇ ಬೀಳುತ್ತಾನೆ; ಹಾಲು ಕುಡಿಯುವ ಮಕ್ಕಳಿಗೂ ಇದು ಗೊತ್ತು. ಪೆರ್ಸಿಡಾ ಸುಳ್ಳು ಹೇಳಲಾರಳು ಎಂದೇ ಹುಡುಗಿ ಹಾಗೆ ಕೇಳಿದ್ದು. ಮಗ ಎಲ್ಲೋ ಇದ್ದಾನೆ, ಯಾವುದೋ ದೇಶದ ಬಂದರಿನಲ್ಲಿ ಮೂಟೆ ಹೊತ್ತುಕೊಂಡು, ಗಡ್ಡ ಬಿಟ್ಟು, ಮನೆಗೆ ಬರುವ ಯೋಚನೆಯಲ್ಲಿದ್ದಾನೆ ಎಂದು ನಂಬಿಕೊಂಡವಳು ಅವನ ತಲೆಯ ಮೇಲೆ ಹೇಗೆ ಸುಳ್ಳಾಡಿಯಾಳು?

ಅಲ್ಲ ಎಂದರೆ ಆ ಕಣ್ಣು ಒಲೆಗೆ ಹೋಗುತ್ತದೆ.

ಯೆಲೆಂಕಾಳ ಮುಖ ಅವಳಿಗೆ ಕಾಣಲಿಲ್ಲ ಎನ್ನುವ ಹಾಗಿಲ್ಲ. ಮುಖ ನೋಡುವುದೇ ಅವಳ ಕಸುಬು. ಗಿರಣಿಯ ಮನೆ, ಹೊಸ ಬದುಕು, ಮಕ್ಕಳು, ಎಲ್ಲವೂ ಆ ಮುಖದಲ್ಲಿತ್ತು, ಎಲ್ಲವನ್ನೂ ಕಂಡಳು. ಕಂಡು ಕಣ್ಣು ಆಚೆ ತಿರುಗಿಸಿದಳು. ಕಿಟಕಿಯ ಬಳಿ ಉರೋಷ್ ಕಾಯುತ್ತಿದ್ದ.

"ನನ್ನ ಮಗನಾಣೆಗೂ," ಎಂದಳು ಪೆರ್ಸಿಡಾ, "ಇವನು ನಿನ್ನ ಗಂಡನೇ."

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅದಕ್ಕೆ ಅವಳೇ ಬೆಚ್ಚಿದಳು. ಬದುಕಿರುವ ಮಗನ ಮೇಲೆ ಯಾವ ತಾಯಿಗೆ ಇಷ್ಟು ಸಲೀಸಾಗಿ ಆಣೆ ಬರುತ್ತದೆ? ಇಷ್ಟು ವರ್ಷ ಊರಿನವರನ್ನೆಲ್ಲ ಬೈದು ಬೈದು ತಾನು ಬಚ್ಚಿಟ್ಟುಕೊಂಡದ್ದು ಏನೆಂದು ಅವಳಿಗೆ ಈಗ ತಿಳಿಯಿತು: ಉರೋಷ್ ಸತ್ತಿದ್ದಾನೆ ಎನ್ನುವುದು.

ಯೆಲೆಂಕಾ ಒಲೆಯ ಬಾಗಿಲು ಮುಚ್ಚಿ, ಫೋಟೋದ ಮೇಲಿನ ಮಸಿಯನ್ನು ತಲೆವಸ್ತ್ರದ ಅಂಚಿನಿಂದ ಒರೆಸಿ, ಮೊಳೆಗೆ ಹಾಕಿದಳು.

"ಹಾಗಾದ್ರೆ ಸರಿ," ಎಂದಳು.

ಕಿಟಕಿಯ ಬಳಿ ಕೂತವನು ಪೆರ್ಸಿಡಾಳ ಮೇಲಿಂದ ದೃಷ್ಟಿ ತೆಗೆದ. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಕಣ್ಣು ಅದೇ, ಪೆರ್ಸಿಡಾ ಎಳೆದ ಗೆರೆ ಅದೇ. ಅದರೊಳಗಿಂದ ನೋಡುತ್ತಿದ್ದವನು ಬೇರೆ ಯಾರೋ. ಅವನು ಪೆರ್ಸಿಡಾಳನ್ನು ಎಂದೂ ಕಂಡವನಲ್ಲ. ಅಷ್ಟು ದಿನ ಕಾಣದಿದ್ದ ಕೈ ಕೋಟಿನಿಂದ ಹೊರಗೆ ಬಂತು, ಬೆಳ್ಳಗೆ, ಒಂದೂ ಗೆರೆಯಿಲ್ಲದೆ. ಅದು ಯೆಲೆಂಕಾಳ ಹೆಗಲ ಮೇಲೆ ಕೂತಿತು. ಹುಡುಗಿ ಕಣ್ಣು ಮುಚ್ಚಿಕೊಂಡು ಹಾಗೇ ನಿಂತಳು. ಅಜ್ಜಿ ಸಂತೋಷಕ್ಕೆ ಅಳತೊಡಗಿದಳು.

"ಉರೋಷ್," ಎಂದು ಪೆರ್ಸಿಡಾ ಮೆಲ್ಲಗೆ ಕರೆದಳು. ಯಾರೂ ತಿರುಗಲಿಲ್ಲ.

ಗಾಡಿಯನ್ನೂ ಕಾಯದೆ ಅವಳು ದಾರಿಗೆ ಬಿದ್ದಳು. ಊರ ಹೊರಗೆ ಬರುವಷ್ಟರಲ್ಲಿ ತಲೆವಸ್ತ್ರ ಬಿಚ್ಚಿಹೋಗಿತ್ತು, ಬಾಯಿ ತಾನಾಗಿ ತೆರೆದುಕೊಂಡಿತ್ತು. ನಮ್ಮ ಹೆಂಗಸರು ಸತ್ತವರ ಹೆಸರು ಹಿಡಿದು ಹಾಡಿ ಹಾಡಿ ಅಳುವ ಹಾಗೆ, ಇಷ್ಟು ವರ್ಷ ಅಳದೆ ಇದ್ದದ್ದನ್ನೆಲ್ಲ ಸೇರಿಸಿ ಅತ್ತಳು. ಹೊಲದಲ್ಲಿ ಪ್ಲಮ್ ಆಯುತ್ತಿದ್ದ ಮುದುಕ ಬುಟ್ಟಿ ಕೆಳಗಿಟ್ಟು, ಟೋಪಿ ತೆಗೆದು, ಬೇಲಿಯ ಹತ್ತಿರ ಬಂದ.

"ಯಾರು ಹೋದ್ರು ತಾಯಿ?"

"ನನ್ನ ಮಗ."

"ಅಯ್ಯೋ ಪಾಪ. ಯಾವಾಗ?"

"ಈಗಷ್ಟೆ," ಎಂದಳು ಪೆರ್ಸಿಡಾ.