ಅರ್ಜಿಯೊಳಗಿನ ಅಣ್ಣ

ಪಾಕೂ ಮೌವಾ ಎರಡು ವರ್ಷದ ಕಾಲೇಜಿನಲ್ಲಿ ಒಳ್ಳೆಯ ಅಂಕಗಳನ್ನೇ ತೆಗೆದಿದ್ದಳು, ಒಂದು ಸೆಮಿಸ್ಟರಿನ ಅವಧಿಯನ್ನು ಬಿಟ್ಟು. ಆ ಒಂದು ಅವಧಿಯಲ್ಲಿ ಗಣಿತ, ರಸಾಯನಶಾಸ್ತ್ರ ಎರಡರಲ್ಲೂ ನಪಾಸಾಗಿದ್ದಳು. ಮರ್ಸೆಡ್‌ನಂಥ ಒಳನಾಡಿನ ಊರಿನಿಂದ ಸಮುದ್ರದ ದಂಡೆಯ ದೊಡ್ಡ ವಿಶ್ವವಿದ್ಯಾಲಯಕ್ಕೆ ಮೂರನೆಯ ವರ್ಷಕ್ಕೆ ಸೇರಬೇಕಾದರೆ ಅರ್ಜಿಯ ಜೊತೆ ತನ್ನ ಬಗ್ಗೆ ಪ್ರಬಂಧಗಳನ್ನು ಬರೆದು ಕಳಿಸಬೇಕಿತ್ತು. ಆ ಎರಡು ನಪಾಸಿಗೆ ಕಾರಣ ಹೇಳದೆ ಬೇರೇನು ಬರೆದರೂ ಉಪಯೋಗವಿರಲಿಲ್ಲ.

ಅವಳು ಮೊದಲು ‘ಮನೆಯ ಕಷ್ಟದಿಂದ’ ಎಂದಷ್ಟೇ ಬರೆದಳು. ಕಾಲೇಜಿನ ಸಲಹೆಗಾರ್ತಿ ಮಿಸ್ ಬೆಲ್ಟ್ರಾನ್ ಅದರ ಕೆಳಗೆ ಗೆರೆ ಎಳೆದು, ಕಷ್ಟ ಯಾರ ಮನೆಯಲ್ಲಿಲ್ಲ, ನಿಮ್ಮ ಮನೆಯದು ಯಾವುದು ಅಂತ ಹೇಳದಿದ್ದರೆ ಓದುವವರಿಗೆ ಏನು ತಿಳಿಯುತ್ತದೆ ಎಂದು ಕೇಳಿದಳು. ಒಳ್ಳೆಯ ಹೆಂಗಸು. ಬಾಗಿಲು ಮುಚ್ಚಿ, ನೀರು ಕೊಟ್ಟು, ಕಾದು ಕೂತಳು. ಪಾಕೂ ಕೊನೆಗೆ ಹೇಳಿದಳು. ಆ ಅವಧಿಯಲ್ಲಿ ಅವಳ ಅಣ್ಣ ಫೆಂಗ್‌ನ ವಿಚಾರಣೆ ನಡೆಯುತ್ತಿತ್ತು. ಗುಂಡು ಹಾರಿಸಿದವನು ಅವನಲ್ಲ, ಕಾರು ಓಡಿಸಿದವನು. ಸತ್ತವನು ಹದಿನೇಳರ ಹುಡುಗ. ನ್ಯಾಯಾಲಯದಲ್ಲಿ ಅಮ್ಮನ ಪಕ್ಕ ಕೂತು ಇಂಗ್ಲಿಷನ್ನು ಅವರ ಮನೆಮಾತಾದ ಹ್ಮಾಂಗ್‌ಗೆ ತಿರುಗಿಸಿ ಕಿವಿಯಲ್ಲಿ ಹೇಳುವವರು ಬೇಕಿತ್ತು. ತರಗತಿಗೆ ಹೋಗುವ ಬದಲು ಪಾಕೂ ಅಲ್ಲಿ ಕೂತಳು. ತೀರ್ಪನ್ನೂ ಅಮ್ಮನಿಗೆ ಹೇಳಿದವಳು ಅವಳೇ.

“ಇದನ್ನೇ ಬರಿ,” ಎಂದಳು ಮಿಸ್ ಬೆಲ್ಟ್ರಾನ್.

ಅಣ್ಣನನ್ನು ಕೇಳದೆ ಬರೆಯಲು ಪಾಕೂಗೆ ಮನಸ್ಸಾಗಲಿಲ್ಲ. ಮುಂದಿನ ಭೇಟಿಯ ದಿನ ಅಮ್ಮನನ್ನು ಕೂರಿಸಿಕೊಂಡು, ಬಾದಾಮಿ ತೋಟಗಳನ್ನು ದಾಟಿ, ಬಟಾಬಯಲಿನಲ್ಲಿದ್ದ ಜೈಲಿಗೆ ಕಾರು ಓಡಿಸಿದಳು. ಫೆಂಗ್ ಭೇಟಿಯ ಕೋಣೆಯಲ್ಲಿದ್ದ, ಕಾಸು ಹಾಕಿದರೆ ತಿಂಡಿ ಕೊಡುವ ಮಷೀನಿನ ಕೋಳಿ ರೆಕ್ಕೆ ಚೀಪುತ್ತಾ ಎಲ್ಲ ಕೇಳಿಸಿಕೊಂಡ.

“ಬರಿಯೇ,” ಎಂದ. “ಇಲ್ಲಿ ಬಿದ್ದಿದ್ದಕ್ಕೆ ಒಂದಾದ್ರೂ ಪ್ರಯೋಜನ ಆಗ್ಲಿ. ಆದ್ರೆ ನನ್ನ ಸ್ವಲ್ಪ ಎತ್ತರ ಮಾಡಿ ಬರಿ.”

ಅಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ. ಮನೆಯ ಕೊಳೆಯನ್ನು ಗುರುತಿಲ್ಲದವರ ಅಂಗಳದಲ್ಲಿ ಒಗೆಯುವುದು ಯಾವ ಓದು ಎಂದು ದಾರಿಯುದ್ದಕ್ಕೂ ಗೊಣಗಿದಳು. ಅಪ್ಪನಿಗೆ ಹೇಳಬೇಡ ಎಂದೂ ಅವಳೇ ಎಚ್ಚರಿಸಿದಳು.

ಬರೆಯುವುದು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಕಾಲುವೆಯ ಬದಿಯಲ್ಲಿ ಗಾಳ ಹಾಕುವುದನ್ನು ಅಣ್ಣ ಕಲಿಸಿದ್ದು, ಅಪ್ಪನ ಹೊಲದ ನಿಂಬೆಹುಲ್ಲಿನ ಕಟ್ಟುಗಳ ನಡುವೆ ಅವಳನ್ನು ಕೂರಿಸಿಕೊಂಡು ಮಗ್ಗಿ ಕೇಳಿದ್ದು, ಆಮೇಲೆ ನ್ಯಾಯಾಲಯ, ಅಮ್ಮನ ಕಿವಿ. ಕೇಳಿದ ಪದಮಿತಿಯೊಳಗೆ ಎಲ್ಲ ಕೂತಿತು. ಓದಿದ ಮಿಸ್ ಬೆಲ್ಟ್ರಾನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಆ ವಾರ ಫೆಂಗ್ ಜೈಲಿನಿಂದ ಫೋನು ಮಾಡಿದಾಗ, ಓದು ಕೇಳೋಣ ಎಂದ. ಪಾಕೂ ಹಿತ್ತಲಿಗೆ ಹೋಗಿ ನಿಂತು ಓದಿದಳು. ಓದಿ ಮುಗಿದ ಮೇಲೆ ಆ ಕಡೆಯಿಂದ ಯಾರೋ ಕೂಗಾಡುವುದು, ಕಬ್ಬಿಣದ ಬಾಗಿಲು ಬಡಿಯುವುದು ಕೇಳಿಸಿತು.

“ಚೆನ್ನಾಗಿಲ್ವಾ?” ಎಂದಳು.

“ಚೆನ್ನಾಗಿದೆ. ತುಂಬಾ ಚೆನ್ನಾಗಿದೆ.” ಆಮೇಲೆ ಹೇಳಿದ: “ಅಣ್ಣ ಕಲಿಸ್ತಿದ್ದ, ಅಣ್ಣ ನಗ್ತಿದ್ದ, ಅಣ್ಣ ನನ್ನ ಪ್ರೀತಿಸ್ತಿದ್ದ. ಎಲ್ಲಾ ‘ದ್ದ’ ‘ದ್ದ’ ಅಂತಲೇ ಇದೆಯಲ್ಲೇ. ನಾನಿನ್ನೂ ಇದ್ದೀನಲ್ಲ ಪಾಕೂ?”

ಅಷ್ಟರಲ್ಲಿ ಮಾತಿಗೆ ಕೊಟ್ಟ ಹೊತ್ತು ಮುಗಿದು ಫೋನು ಕಡಿದುಹೋಯಿತು.

ಹ್ಮಾಂಗ್ ಮಾತಿನಲ್ಲಿ ಬರೆದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಆ ಮಾತಿನಲ್ಲಿ ನಿನ್ನೆಗೂ ಇವತ್ತಿಗೂ ಕ್ರಿಯಾಪದ ಒಂದೇ. ನಕ್ಕವನೂ ನಗುವವನೂ ಒಂದೇ ರೂಪದಲ್ಲಿ ನಗುತ್ತಾರೆ. ಇಂಗ್ಲಿಷು ಹಾಗೆ ಬಿಡುವುದಿಲ್ಲ. ಪಾಕೂ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೊಂದೇ ವಾಕ್ಯವನ್ನು ತಿದ್ದಿದಳು. ‘ನನ್ನ ಅಣ್ಣ ನಗುತ್ತಾನೆ’ ಎಂದು ಬರೆದು ನಿಲ್ಲಿಸಿದಳು. ನಗುತ್ತಾನೆಯೇ? ಕೋಳಿ ರೆಕ್ಕೆ ಚೀಪುವುದನ್ನು ಬಿಟ್ಟರೆ ಅವನು ದಿನವಿಡೀ ಏನು ಮಾಡುತ್ತಾನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ಭೇಟಿಗಳಲ್ಲಿ ಅವಳು ಕೇಳಿಯೂ ಇರಲಿಲ್ಲ.

ಎಲ್ಲ ತಿದ್ದಿದ್ದೇನೆ ಎಂದು ಮುಂದಿನ ಫೋನಿನಲ್ಲಿ ಅಣ್ಣನಿಗೆ ಹೇಳಿದಳು. ತಿದ್ದಿದ್ದನ್ನು ನೋಡಿದ ಮಿಸ್ ಬೆಲ್ಟ್ರಾನ್ ಮಾತ್ರ ಬೇಡವೆಂದು ತಲೆಯಾಡಿಸಿದಳು. ಹೀಗೆ ಓದಿದರೆ ಕಷ್ಟ ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ. ನೀನು ಅದನ್ನು ದಾಟಿ ಬಂದೆ ಅನ್ನುವುದು ಅವರಿಗೆ ಕಾಣಬೇಕು. ಮೊದಲಿನದೇ ಇರಲಿ ಎಂದಳು. ಕಷ್ಟ ಮುಗಿದಿಲ್ಲ ಎಂದು ಪಾಕೂ ಹೇಳಲಿಲ್ಲ. ನವೆಂಬರ್ ತಿಂಗಳ ಕೊನೆಯ ದಿನ, ಅರ್ಜಿಯ ಗಡುವು ಮುಗಿಯುವ ಮುನ್ನ, ಕಾಲೇಜಿನ ಗ್ರಂಥಾಲಯದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಮೊದಲಿನದನ್ನೇ ಕಳಿಸಿದಳು.

ಏಪ್ರಿಲ್‌ನಲ್ಲಿ ಸೀಟು ಸಿಕ್ಕಿತು. ಅಪ್ಪ ಹಂದಿ ಕೊಯ್ಯಿಸಿ ನೆಂಟರನ್ನೆಲ್ಲ ಕರೆದ. ಒಬ್ಬೊಬ್ಬರಾಗಿ ಬಂದು ಅವಳ ಮುಂಗೈಗೆ ಬಿಳಿ ದಾರ ಕಟ್ಟಿ ಹರಸಿದರು. ಚಿಕ್ಕಪ್ಪನೊಬ್ಬ ದಾರದ ಗಂಟು ಬಿಗಿಯುತ್ತಾ, ಫೆಂಗ್ ಬರಲಿಲ್ಲವೇ ಎಂದು ಕೇಳಿದ. ದೂರದ ಮಿನೆಸೋಟದ ಕಾರ್ಖಾನೆಯವರು ರಜೆ ಕೊಡಲಿಲ್ಲ ಎಂದ ಅಪ್ಪ. ಚಿಕ್ಕಪ್ಪನಿಗೆ ನಿಜ ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಾಕೂ ತಲೆ ತಗ್ಗಿಸಿ ಕೈ ಚಾಚಿಕೊಂಡೇ ಇದ್ದಳು.

ಅದೇ ದಾರಗಳ ಕೈಯಲ್ಲಿ ಅವಳು ಅಮ್ಮನ ಜೊತೆ ಅಣ್ಣನನ್ನು ನೋಡಲು ಹೋದಳು. ಫೆಂಗ್ ಎದ್ದು ಅಪ್ಪಿಕೊಂಡ. ಸಿಹಿ ತಿನ್ನಬೇಕು ಎಂದು ಅಮ್ಮನನ್ನು ಮಷೀನಿನ ಹತ್ತಿರ ಕಳಿಸಿದ. ಅಮ್ಮ ಅತ್ತ ಹೋದ ಕೂಡಲೆ ಕೇಳಿದ:

“ಯಾವುದನ್ನ ಕಳಿಸ್ದೆ?”

ಸುಳ್ಳು ಹೇಳಬಹುದಿತ್ತು. “ಮೊದಲಿಂದು,” ಎಂದಳು ಪಾಕೂ.

ಫೆಂಗ್ ಅವಳ ಮುಂಗೈಯ ದಾರಗಳನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದ. “ಸತ್ತೋರ ಮನೆಯವರಿಗೆ ಬೇಗ ಸೀಟು ಕೊಡ್ತಾರೆ ಅಂತಾಯ್ತು,” ಎಂದು ನಕ್ಕ. “ಬಿಡು. ನಾನಾಗಿದ್ರೂ ಅದನ್ನೇ ಕಳಿಸ್ತಿದ್ದೆ.”

ಅಮ್ಮ ಕೇಕಿನ ಪೊಟ್ಟಣ ಹಿಡಿದು ಬಂದಳು. ಮೂವರೂ ತಿಂದರು. ಅಣ್ಣ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಾನೆ ಎಂದು ಪಾಕೂ ಅವತ್ತು ಕೇಳಿದಳು. ಬಟ್ಟೆ ಮಡಚುತ್ತೇನೆ, ಇನ್ನೇನು ಎಂದ. ಹೊರಡುವಾಗ ಮತ್ತೊಮ್ಮೆ ಅಪ್ಪಿಕೊಂಡ, ಕಾವಲಿನವನು ಸಾಕು ಎನ್ನುವವರೆಗೆ.

ಮುಂದಿನ ತಿಂಗಳು ಹೋದಾಗ ಜೈಲಿನ ಬಾಗಿಲಲ್ಲಿ ಗಾಜಿನ ಹಿಂದೆ ಕೂತ ಹೆಂಗಸು ಕಂಪ್ಯೂಟರ್ ನೋಡಿ, ಭೇಟಿಯವರ ಪಟ್ಟಿಯಲ್ಲಿ ಅಮ್ಮನ ಹೆಸರಿದೆ, ನಿನ್ನದಿಲ್ಲ ಎಂದಳು. ತಪ್ಪಾಗಿರಬೇಕು, ಇನ್ನೊಮ್ಮೆ ನೋಡಿ ಎಂದಳು ಪಾಕೂ. ಆ ಹೆಂಗಸು ಇನ್ನೊಮ್ಮೆ ನೋಡಿದಳು. ತಪ್ಪಲ್ಲ, ಕೈದಿಯೇ ಅರ್ಜಿ ಕೊಟ್ಟು ತೆಗೆಸಿದ್ದಾನೆ ಎಂದು ಮೆಲ್ಲಗೆ ಹೇಳಿದಳು. ಇದನ್ನೂ ಅಮ್ಮನಿಗೆ ಹ್ಮಾಂಗ್ ಮಾತಿಗೆ ತಿರುಗಿಸಿ ಹೇಳುವವಳು ಪಾಕೂವೇ ಆದಳು. ಅಮ್ಮ ಅರ್ಥವಾಗದವಳಂತೆ ಮಗಳ ಮುಖ ನೋಡಿದಳು. ಆಮೇಲೆ ಒಬ್ಬಳೇ ಒಳಗೆ ಹೋದಳು.

ಪಾಕೂ ಬಿಸಿಲಲ್ಲಿ ನಿಂತ ಕಾರಿನಲ್ಲಿ ಕೂತಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಪಕ್ಕದ ಕಾರಿನಿಂದ ಇಳಿದ ಹೆಂಗಸೊಬ್ಬಳು ಮಗುವಿಗೆ ಶೂ ತೊಡಿಸಿ, ತಲೆ ಬಾಚಿ, ಒಳಗೆ ಕರೆದುಕೊಂಡು ಹೋದಳು.

ಮಧ್ಯಾಹ್ನ ಕಳೆದ ಮೇಲೆ ಅಮ್ಮ ಬಂದು ಪಕ್ಕದಲ್ಲಿ ಕೂತಳು.

“ಕೋಪ ಇಲ್ವಂತೆ,” ಎಂದಳು.

“ಮತ್ತೆ?”

“ಓದೋಕೆ ಹೋಗೋಳು ಇಲ್ಲಿಗೆ ಬಂದು ಹೋಗಿ ಮಾಡ್ಬಾರ್ದಂತೆ. ಅಷ್ಟೇ ಅಂದ. ನೀನೇನಾದ್ರೂ ಅಂದಿದ್ಯಾ ಅವನಿಗೆ?”

ಪಾಕೂ ಕಾರು ಚಾಲೂ ಮಾಡಿದಳು. “ಬರೆದಿದ್ದೆ ಅಮ್ಮ,” ಎಂದಳು.

ಆಗಸ್ಟ್‌ನಲ್ಲಿ ಅವಳು ವಿಶ್ವವಿದ್ಯಾಲಯಕ್ಕೆ ಹೋದಳು. ಅಲ್ಲಿಂದ ಅಣ್ಣನಿಗೆ ಬರೆದ ಕಾಗದಗಳು ವಾಪಸು ಬರಲಿಲ್ಲ, ಉತ್ತರವೂ ಬರಲಿಲ್ಲ. ಅಮ್ಮ ಈಗ ಅದೇ ಜೈಲಿನಲ್ಲಿ ಮಗನಿರುವ ಇನ್ನೊಬ್ಬ ತಾಯಿಯ ಕಾರಿನಲ್ಲಿ ಹೋಗಿ ಬರುತ್ತಾಳೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸಂಜೆ ಮನೆಗೆ ಬಂದ ಮೇಲೆ ಪಾಕೂಗೆ ಫೋನು ಮಾಡಿ, ಫೆಂಗ್ ಏನು ತಿಂದ, ಎಷ್ಟು ಬಡವಾಗಿದ್ದಾನೆ ಎಂದು ಹೇಳುತ್ತಾಳೆ. ಪಾಕೂ ಕೊನೆಯವರೆಗೂ ಕೇಳಿಸಿಕೊಳ್ಳುತ್ತಾಳೆ.