ಹಿಮದ ದಿಬ್ಬಣ

ಮೂರು ದಿನದಿಂದ ನಾಲ್ವರಲ್ಲಿ ಒಬ್ಬರ ಬಾಯಿಂದಲೂ ಒಂದು ಮಾತು ಹೊರಟಿರಲಿಲ್ಲ. ಎಲ್ಲರಿಗಿಂತ ಮುಂದೆ, ನದಿಯ ನೀರು ತುಂಬಿದ ಸೋರೆಬುರುಡೆಗಳನ್ನು ಹೊತ್ತ ಅಪೊ ಶಾಬಾನ್, ಊರಿಗೆಲ್ಲ ಅಜ್ಜ. ಅವನ ಹಿಂದೆ ಹೆಣ್ಣು ಹಿಮದ ಬುಟ್ಟಿ ಹೊತ್ತ ನಿಸಾರ್. ಆಮೇಲೆ ಗಂಡು ಹಿಮ ಹೊತ್ತ ರೋಜಿ ಅಲಿ. ಕೊನೆಯಲ್ಲಿ, ದಣಿದವರ ಹೊರೆ ಬದಲಿಸಿಕೊಳ್ಳಲೆಂದು ಖಾಲಿ ಬೆನ್ನಲ್ಲಿ ನಡೆಯುತ್ತಿದ್ದ ಬಾಕಿರ್. ರೋಜಿ ಅಲಿ ಅವನ ಅಕ್ಕ ಸುಗ್ರಾಳ ಗಂಡ.

ಹೆಣ್ಣು ಹಿಮ ನೀಲಿಬಿಳುಪಿನ ಗಡ್ಡೆ. ಗಂಡು, ಕಲ್ಲುಮಣ್ಣು ಮೆತ್ತಿದ ಕರಿ ಗಡ್ಡೆ. ಎರಡನ್ನೂ ಬೇರೆ ಬೇರೆ ಕಣಿವೆಯಿಂದ ತಂದು, ಹರ್ಚೋಕ್ ಊರಿನ ಮೇಲಿರುವ ಬಿಸಿಲು ಕಾಣದ ಗವಿಯಲ್ಲಿ ಇದ್ದಿಲು, ಹೊಟ್ಟು, ನದಿ ನೀರಿನ ಬುರುಡೆ ಹಾಕಿ ಒಟ್ಟಿಗೆ ಹೂತರೆ ಹೊಸ ಹಿಮ ಹುಟ್ಟಿ ಬೆಳೆಯುತ್ತದೆ. ಮೊಮ್ಮಕ್ಕಳ ಕಾಲಕ್ಕಾದರೂ ನೀರಾಗುತ್ತದೆ. ಆದರೆ ದಾರಿಯಲ್ಲಿ ಬುಟ್ಟಿ ನೆಲ ಮುಟ್ಟಬಾರದು, ಹೋದವರು ಬಾಯಿ ಬಿಡಬಾರದು. ಊರಿನ ಹಳೆಯ ಹಿಮ ಕರಗಿ ಕರಗಿ ಬೆಟ್ಟದ ನೆತ್ತಿಗೆ ಹೋಗಿ ಕೂತಿತ್ತು. ಕಾಲುವೆಯಲ್ಲಿ ಬೆರಳು ದಪ್ಪದ ನೀರು. ಕೆಳಗಿನ ಕೇರಿಯ ಹನ್ನೊಂದು ಮನೆಯವರು ಆಗಲೇ ಜರ್ದಾಳು ಮರಗಳನ್ನು ಒಣಗಲು ಬಿಟ್ಟು ಹೊರಟುಹೋಗಿದ್ದರು.

ಎಂಟು ವರ್ಷದ ಹಿಂದೆ ಇದೇ ಕೆಲಸಕ್ಕೆ ಹೋದಾಗ ಬಾಕಿರ್ ಕಾಲು ಜಾರಿ "ಯಾ ಅಲಿ!" ಎಂದು ಕೂಗಿಬಿಟ್ಟಿದ್ದ. ಆ ಹಿಮ ಹಿಡಿಯಲಿಲ್ಲ. ಆ ಬೇಸಿಗೆಯ ಬಿಸಿಲು ಯಾರ ಕೂಗಿಗೂ ಕಾದಿರಲಿಲ್ಲ ಬಿಡಿ. ಆದರೆ ದೂರುವುದಕ್ಕೆ ಊರಿಗೊಬ್ಬ ಬೇಕಿತ್ತು, ಸಿಕ್ಕಿದ. ನೀರಿನ ಸರದಿಗೆ ಹೋದರೆ ಸಾಕು, "ಬಾಕಿರಣ್ಣ, ಮೆಲ್ಲಗೆ ಮಾತಾಡು ಮಾರಾಯ, ಇರೋ ನೀರೂ ಹೆದರಿ ಓಡ್ಹೋದೀತು" ಎಂದು ಹೆಂಗಸರೂ ನಗುತ್ತಿದ್ದರು. ಈ ಸಲ ಅವನು ಬೇಡವೇ ಬೇಡ ಎಂದರು ಎಲ್ಲರೂ. ಪಟ್ಟು ಹಿಡಿದವನು ರೋಜಿ ಅಲಿ. "ನನ್ನ ಭಾಮೈದ ಬರದಿದ್ರೆ ನಾನೂ ಬರಲ್ಲ. ನಿಮ್ಮ ಹಿಮ ನೀವೇ ಹೊತ್ಕೊಳ್ಳಿ!"

ಗವಿಗೆ ಇನ್ನು ಎರಡು ತಾಸಿನ ದಾರಿ. ಕಲ್ಲು ಜರಿಯುವ ಇಳಿಜಾರಿನಲ್ಲಿ ಬಾಕಿರ್ ತಲೆಯೆತ್ತಿದ. ಮೇಲೆ ಒಂದು ಬಂಡೆ ಅಲುಗಿತು, ಉರುಳಿತು, ಒಮ್ಮೆ ಪುಟಿದು ನೇರವಾಗಿ ಭಾವನ ಕಡೆಗೆ ಬಂತು. ಭಾವ ತಲೆ ತಗ್ಗಿಸಿ ಹೆಜ್ಜೆ ನೋಡಿಕೊಂಡು ನಡೆಯುತ್ತಿದ್ದ. ಕೆಳಗೆ ಮೊರೆಯುತ್ತಿದ್ದ ನದಿಯಿಂದಾಗಿ ಅವನಿಗೆ ಏನೂ ಕೇಳಿಸುವಂತಿರಲಿಲ್ಲ. ಕೂಗಲು ಸಮಯವಿತ್ತು. ಬಾಕಿರ್ ಬಾಯಿ ತೆರೆದ. ಎಂಟು ವರ್ಷದ ಆ ನಗು ನೆನಪಾಯಿತು. ಬಾಯಿ ಮುಚ್ಚಿ ಓಡಿದ. ಓಟ ಸಾಲಲಿಲ್ಲ.

ಬಂಡೆ ರೋಜಿ ಅಲಿಯ ಎರಡೂ ತೊಡೆ ಜಜ್ಜಿ ಕೆಳಗೆ ಹೋಯಿತು. ಅವನು ಬೋರಲು ಬಿದ್ದಿದ್ದ, ಬುಟ್ಟಿ ಬೆನ್ನ ಮೇಲೆಯೇ ಇತ್ತು. ಪುಣ್ಯಾತ್ಮ, ಅಷ್ಟಾದರೂ ಒಂದು ಸಲವೂ ನರಳಲಿಲ್ಲ. ಕೆನ್ನೆ ಕಲ್ಲಿಗೊತ್ತಿ ಬಾಕಿರ್‌ನನ್ನೇ ನೋಡುತ್ತಿದ್ದ. ಅಪೊ ಹಿಂದಿರುಗಿ ಬಂದವನು ಮೊದಲು ಬುಟ್ಟಿಯ ಸುತ್ತ ಕೈಯಾಡಿಸಿ ನೋಡಿದ. ನೆಲ ಮುಟ್ಟಿರಲಿಲ್ಲ. ತನ್ನ ಕಂಬಳಿ ತೆಗೆದು ರೋಜಿ ಅಲಿಗೆ ಹೊದಿಸಿ, ಬಾಕಿರ್‌ಗೆ ಬುಟ್ಟಿ ತೋರಿಸಿದ. ಬುರುಡೆಗಳಿಲ್ಲದೆ, ಪ್ರಾರ್ಥನೆ ಬಲ್ಲ ಮುದುಕನಿಲ್ಲದೆ ಹಿಮ ಹೂಳುವಂತಿಲ್ಲ; ನಿಸಾರ್‌ನ ಬೆನ್ನಲ್ಲಿ ಹೆಣ್ಣು ಹಿಮ; ಹಿಂದೆ ಉಳಿಯಲು ಯಾರೂ ಇರಲಿಲ್ಲ. ಬಾಕಿರ್ ಬುಟ್ಟಿ ಬೆನ್ನಿಗೇರಿಸಿಕೊಂಡ. ಭಾವನ ಕಣ್ಣು ಹೋಗು ಎನ್ನುತ್ತಿದೆಯೋ ಹೋಗಬೇಡ ಎನ್ನುತ್ತಿದೆಯೋ ಅವನಿಗೆ ತಿಳಿಯಲಿಲ್ಲ.

ಗವಿಯಲ್ಲಿ ಅಪೊ "ಆಮೀನ್" ಎಂದಮೇಲೆ ಮಾತಿಗೆ ಬಿಡುಗಡೆ. ಬಾಕಿರ್ ಭಾವನ ಹೆಸರು ಕೂಗುತ್ತಲೇ ಇಳಿದ. ಇಳಿಜಾರು ತಲುಪಿದಾಗ ರೋಜಿ ಅಲಿಯ ಮೈ ತಣ್ಣಗಾಗಿತ್ತು.

ಮಣ್ಣಾದ ಮೂರನೆಯ ದಿನ ಊರೆಲ್ಲ ಸುಗ್ರಾಳ ಮನೆಯಲ್ಲಿ ಸೇರಿತ್ತು. ನೆರೆಯವರು ತಂದ ಉಪ್ಪಿನ ಚಹಾ ಕುಡಿದು ಅಪೊ ಶಾಬಾನ್ ಗಂಟಲು ಸರಿಮಾಡಿಕೊಂಡ.

"ನಿನ್ನ ಗಂಡ ಊರಿಗೆ ನೀರು ಕೊಟ್ಟು ಹೋದ ಕಣಮ್ಮಾ. ನಿನ್ನ ತಮ್ಮನೂ ಏನು ಕಮ್ಮಿ ಇಲ್ಲ. ಬಂಡೆ ಬರೋದು ನೋಡ್ದ, ನಾನಾಗಷ್ಟೇ ತಿರುಗಿದ್ದೆ, ತೆರೆದ ಬಾಯಿ ಮುಚ್ಕೊಂಡ. ಇನ್ನು ಅವನನ್ನ ಯಾರಾದ್ರೂ ಆಡ್ಕೊಂಡ್ರೆ ನನ್ನ ಹತ್ರ ಬರ್ಲಿ."

ಹೌದೌದು ಎಂದರು ಕೂತವರು. ಒಬ್ಬ ಸರಿದು ಬಾಕಿರ್‌ಗೆ ಒಲೆಯ ಬಳಿ ಜಾಗ ಬಿಟ್ಟ.

ಸುಗ್ರಾ ತಲೆಯೆತ್ತಿ ತಮ್ಮನನ್ನು ನೋಡಿದಳು. "ನಿಂಗೆ ಕಾಣಿಸ್ತಾ?"

"ಅಕ್ಕಾ, ಅದು..."

"ಕಾಣಿಸ್ತೋ ಇಲ್ವೋ, ಅಷ್ಟು ಹೇಳು."

"ಕಾಣಿಸ್ತು."

ಅವಳು ಎದ್ದು, ಇಂದು ನೀರಿನ ಸರದಿ ನಮ್ಮದು ಎಂದು ಯಾರಿಗೋ ಹೇಳಿ, ಬಿಂದಿಗೆಯನ್ನೂ ಬಟ್ಟಲನ್ನೂ ತೆಗೆದುಕೊಂಡು ಹೊರಟಳು. ಬಾಕಿರ್ ಹಿಂದೆಯೇ ಹೋದ. ಕಾಲುವೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವಳು ಬಟ್ಟಲಿನಿಂದ ಮೊಗೆಯುತ್ತಿದ್ದಳು.

"ಕೊಡಕ್ಕಾ, ನಾನು ತುಂಬ್ತೀನಿ."

ಅವಳು ತಿರುಗಲಿಲ್ಲ. ಬಟ್ಟಲು ತಳದ ಕಲ್ಲನ್ನು ಕೆರೆಯುತ್ತಿತ್ತು. ಬಿಂದಿಗೆ ಅರ್ಧವಾಗುವ ತನಕ ಅವನು ಅಲ್ಲೇ ನಿಂತಿದ್ದ, ಆಮೇಲೂ ನಿಂತಿದ್ದ.